ಸೋದರತ್ತೆಯ ಕೊಕ್ಕೆ

ಅತ್ತಿಗೆ ಮದುವೆಯಾಗಿ ನಮ್ಮೂರಿಗೆ ಬಂದ ದಿನ, ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಬೆಳ್ಳಿಯ ಕಾಲುಂಗುರಗಳು ಬೆಂದ ಶಾವಿಗೆಯ ಹಾಗೆ ಮೆತ್ತಗಾಗಿ ಬೆರಳಿನಿಂದ ಜಾರಿಬಿದ್ದವು. ಅವಳು ಹೌಹಾರಿ ಕಾಲು ಮೇಲೆಳೆದುಕೊಂಡಳು. ಪಂಕ್ತಿಯಲ್ಲಿ ಕೂತವರು ಯಾರೂ ಎಲೆಯಿಂದ ತಲೆಯೆತ್ತಲಿಲ್ಲ. ಬಡಿಸುತ್ತಿದ್ದ ಪಕ್ಕದ ಮನೆಯ ಅಕ್ಕಯ್ಯಮ್ಮಜ್ಜಿ ಮಾತ್ರ, "ಹುಡುಗಿಗೆ ಮೊದಲೇ ಹೇಳೋದಲ್ವೇನೋ ಚಿದಂಬರ?" ಎಂದು ಅಣ್ಣನನ್ನು ಗದರಿ, ಸೆರಗಿನ ಗಂಟು ಬಿಚ್ಚಿ ಎರಡು ಬಿಳಿ ಪಿಂಗಾಣಿ ಉಂಗುರ ತೆಗೆದುಕೊಟ್ಟಳು.

"ಹೇಳಿದ್ದೆ ಅಜ್ಜಿ. ತಮಾಷೆ ಅಂದ್ಕೊಂಡ್ಲು" ಎಂದ ಅಣ್ಣ.

ನಮ್ಮೂರಲ್ಲಿ ಲೋಹ ನಿಲ್ಲುವುದಿಲ್ಲ. ಬೆಳಿಗ್ಗೆ ಗಟ್ಟಿಯಾಗಿ ಬಂದದ್ದು ಮಧ್ಯಾಹ್ನಕ್ಕೆ ಬೆಣ್ಣೆ. ಬಸ್ಸು ಊರ ಹೊರಗಿನ ಕಟ್ಟೆಯ ಹತ್ತಿರವೇ ನಿಂತುಬಿಡುತ್ತದೆ. ಇಳಿದವರು ಬೀಗದ ಕೈ, ವಾಚು, ಸರ ಎಲ್ಲವನ್ನೂ ಕಟ್ಟೆಯ ಗೂಡುಗಳಲ್ಲಿಟ್ಟು, ಪ್ಯಾಂಟಿನ ಝಿಪ್ಪನ್ನು ಮರೆತವರು ಅಂಗಿ ಹೊರಗೆ ಬಿಟ್ಟುಕೊಂಡು ಊರೊಳಕ್ಕೆ ನಡೆದುಬರುತ್ತಾರೆ. ನಮ್ಮ ಚಾಕು, ಕತ್ತರಿ, ಶಾಲೆಯ ಗಂಟೆ ಎಲ್ಲವೂ ಸುಟ್ಟ ಮಣ್ಣಿನವೇ. ಅಣ್ಣ ಬಾಗಿಲು ತಿರುಗಲು ಬೇಕಾದ ಮಣ್ಣಿನ ತಿರುಗಣೆ ಮಾಡುತ್ತಾನೆ. ಹಿತ್ತಲಲ್ಲೇ ಮಣ್ಣು ಸುಡುವ ನಮ್ಮ ಆವಿಗೆಯಿದೆ. ಅದಕ್ಕೆ ಬೆಂಕಿ ಹಾಕಿದ ದಿನ ಅಡುಗೆಮನೆಯ ಗೋಡೆ ಬೆಚ್ಚಗಾಗಿ ಬೆಕ್ಕು ಅಲ್ಲಿಂದ ಕದಲುವುದಿಲ್ಲ. ಅಪ್ಪ ಅಮ್ಮ ಹೋದಮೇಲೆ ಅಣ್ಣ ಆ ತಿರುಗಣೆಗಳಿಂದಲೇ ನನ್ನನ್ನು ದೂರದ ಪಟ್ಟಣಕ್ಕೆ ಕಳಿಸಿ ಓದಿಸಿದ. ನಾನು ಪಿಂಗಾಣಿ ತಂತ್ರಜ್ಞಾನದಲ್ಲಿ ಪದವಿ ತೆಗೆದುಕೊಂಡು ವಾಪಸು ಬಂದೆ. ಊರಿನವರಿಗೆ ಅದು ಮೀನಿನ ಮರಿ ಈಜು ಕಲಿಯಲು ಹಣ ಕಟ್ಟಿದಷ್ಟೇ ತಮಾಷೆಯಾಗಿ ಕಂಡಿತು.

ನನಗೆ ಮಾತು ಬರುವುದಿಲ್ಲವೆಂದಲ್ಲ. ಅದು ಬರುವಷ್ಟರಲ್ಲಿ ಎದುರಿಗಿದ್ದವರು ಹೊರಟುಹೋಗಿರುತ್ತಾರೆ. ಹಾಗಾಗಿ ಡೈರಿ ಬರೆಯುತ್ತೇನೆ. ಅದಕ್ಕೆ ಅವಸರವಿಲ್ಲ. "ಇಷ್ಟೊಂದು ಒಳಗೇ ತುಂಬಿಟ್ಕೊಂಡ್ರೆ ಒಂದಿನ ಒಡೆದು ಹೋಗ್ತೀಯ ಕಣೇ ಕುಮುದಾ" ಎಂದು ಅತ್ತಿಗೆ ಚಂದ್ರಕಲಾ ಆಗಾಗ ನನ್ನ ತಲೆಗೆ ಮೊಟಕುತ್ತಿದ್ದಳು. ನಾನು ನಕ್ಕು ಡೈರಿ ತೆರೆಯುತ್ತಿದ್ದೆ. ಅವಳು ಬಸುರಿಯಾದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು, ಎಲ್ಲರಿಗಿಂತ ಹೆಚ್ಚು ಹೆದರಿದವಳೂ ನಾನು. ಏಕೆಂದರೆ ಹುಟ್ಟುವ ಕೂಸಿಗೆ ಇರುವ ಒಬ್ಬಳೇ ಸೋದರತ್ತೆ ನಾನು.

ನಮ್ಮೂರಲ್ಲಿ ಕೂಸಿಗೆ ಹೆಸರಿಡುವುದು ಸೋದರತ್ತೆ. ಅದು ಬೇರೆ ಊರುಗಳಲ್ಲೂ ಉಂಟು. ಆದರೆ ಇಲ್ಲಿ ಅವಳು ಮೊದಲು ತನ್ನ ಕೈಯಾರೆ ತೊಟ್ಟಿಲ ಕೊಕ್ಕೆ ಮಾಡಬೇಕು. ಆ ಕೊಕ್ಕೆಯನ್ನು ಹೆಸರಿನ ಚಾವಡಿಯ ತೊಲೆಗೆ ಹಗ್ಗದಿಂದ ಕಟ್ಟಿ, ಅದರಿಂದ ಒಂದು ಒನಕೆಯನ್ನು ಅಡ್ಡಡ್ಡ ತೂಗುಬಿಡುತ್ತಾರೆ. ಸೋದರತ್ತೆ ತಲೆಗೆ ಬಟ್ಟೆಯ ಸಿಂಬಿ ಸುತ್ತಿಕೊಂಡು, ಒನಕೆಯನ್ನು ಎರಡೂ ಕೈಯಿಂದ ಹಿಡಿದು, ಕಾಲು ನೆಲ ಬಿಟ್ಟು ನೇತಾಡುತ್ತ, ಊರಿಗೆಲ್ಲ ಕೇಳುವಂತೆ ಕೂಸಿನ ಹೆಸರು ಕೂಗಬೇಕು. ಅತ್ತೆಯನ್ನು ತಾಳಿದ ಕೊಕ್ಕೆ ಕೂಸನ್ನು ತಾಳುತ್ತದೆ ಎನ್ನುವುದು ಲೆಕ್ಕ. ಕೊಕ್ಕೆ ಮುರಿದರೆ ಇನ್ನೊಂದು ಮಾಡಬಹುದು, ಅದೂ ಮುರಿದರೆ ಮತ್ತೊಂದು. ಮೂರನೆಯದೂ ಮುರಿದರೆ ಹೆಸರು ಅತ್ತೆಯ ಬಾಯಲ್ಲೇ ಉಳಿಯಿತು, ಕೂಸು ಕೂಸಾಗಿಯೇ ಉಳಿಯಿತು.

"ಮರದ ಕೊಕ್ಕೆ ಹಾಕಿದ್ರೆ ಆಗಲ್ವಾ?" ಎಂದು ಹೊರಗಿನವಳಾದ ಅತ್ತಿಗೆ ಒಮ್ಮೆ ಕೇಳಿಬಿಟ್ಟಿದ್ದಳು.

"ಮರ ಚಟ್ಟಕ್ಕೆ! ಹೋಗಿ ಬಾಯಿ ತೊಳ್ಕೋ" ಎಂದಳು ಅಕ್ಕಯ್ಯಮ್ಮಜ್ಜಿ.

ಹಾಗೆ ಉಳಿದುಹೋದ ಕೂಸೊಂದು ನಮ್ಮೂರಲ್ಲಿದೆ. ತಲೆ ಪೂರ್ತಿ ನರೆತಿದೆ, ಒಣಗಿದ ಜೋಳದ ದಂಟಿನಂಥ ಮೈ. ಅವನನ್ನು ಚಿಕ್ಕವರು ಕೂಸಣ್ಣ ಎನ್ನುತ್ತಾರೆ, ಹಿರಿಯರು ಕೂಸು ಎನ್ನುತ್ತಾರೆ. ಚಾವಡಿಯಲ್ಲಿ ಹೆಸರಿಡುವ ದಿನ ಒನಕೆಯ ಕೆಳಗೆ ಹತ್ತಿಯ ಹಾಸಿಗೆ ಹಾಸುವುದು ಅವನ ಕೆಲಸ. ಯಾರೂ ಅವನಿಗೆ ವಹಿಸಿದ್ದಲ್ಲ, ತಾನೇ ಹಚ್ಚಿಕೊಂಡದ್ದು. ನೇತಾಡುವ ಪ್ರತಿ ಅತ್ತೆಗೂ ಅವನು "ಬಿದ್ರೆ ನಾನಿದೀನಿ ತಾಯಿ" ಎನ್ನುತ್ತಾನೆ. ಅವನ ಸೋದರತ್ತೆ ಬೇರೆ ಯಾರೂ ಅಲ್ಲ, ಅಕ್ಕಯ್ಯಮ್ಮಜ್ಜಿಯೇ. ಅವಳ ಮೂರೂ ಕೊಕ್ಕೆ ಮುರಿದಿದ್ದವು. ಕೊಕ್ಕೆಯಿಂದ ಕೂಗದ ಹೆಸರನ್ನು ಬೇರೆಲ್ಲೂ ಆಡುವಂತಿಲ್ಲ. ಅಜ್ಜಿ ಇಷ್ಟು ವರ್ಷವೂ ಆಡಲಿಲ್ಲ. "ಎಲೆ ಅಡಿಕೆ ಜೊತೆ ಎಲ್ಲಿ ನುಂಗಿಬಿಡ್ತೀನೋ ಅಂತ ಭಯ ಕಣ್ ಮಗಾ" ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದಳು. ನನ್ನ ಹತ್ತಿರ ಏನು ಹೇಳಿದರೂ ಅಲ್ಲೇ ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು.

ನಮ್ಮೂರಿನ ಮನೆಗಳಲ್ಲಿ ಹೆಣ್ಣು ತರುವಾಗ, ಹುಡುಗನಿಗೆ ತೆಳ್ಳಗಿನ ತಂಗಿ ಇದ್ದಾಳೆಯೇ ಎಂದು ಹೆಣ್ಣಿನವರು ಮೊದಲು ವಿಚಾರಿಸುತ್ತಾರೆ. ಅತ್ತಿಗೆ ಹೊರಗಿನವಳಾದ್ದರಿಂದ ಅವಳ ಕಡೆಯವರು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಮದುವೆ ಮುರಿಯುತ್ತಿತ್ತೋ ಏನೋ. ನಾನು ಚೆನ್ನಾಗಿ ಉಂಡು ಬೆಳೆದವಳು. ಅತ್ತಿಗೆಗೆ ಏಳನೆಯ ತಿಂಗಳು ಬಿದ್ದಾಗಿನಿಂದ ಅಣ್ಣ ನನ್ನ ತಟ್ಟೆಯ ಮೇಲೊಂದು ಕಣ್ಣಿಟ್ಟ. ಮನೆಗೆ ಬಂದ ಹಲಸಿನ ಹಣ್ಣನ್ನೆಲ್ಲ ಅಟ್ಟದ ಮೇಲೆ ಬಚ್ಚಿಡತೊಡಗಿದ. ವಾಸನೆ ಬಚ್ಚಿಡಲಾಗಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಅತ್ತಿಗೆಗೆ ತಾಯಿಯಿಲ್ಲದ್ದರಿಂದ ಬಾಣಂತನ ನಮ್ಮ ಮನೆಯಲ್ಲೇ. ಅಕ್ಕಯ್ಯಮ್ಮಜ್ಜಿ ಬೆಳಗಾಗುತ್ತಲೇ ಬಂದು ನೀರೆರೆದು, ಖಾರ ತಿನ್ನಿಸಿ, ಕೂಸಿಗೆ ಎಣ್ಣೆ ತೀಡಿ ಹೋಗುತ್ತಿದ್ದಳು. ನಾನು ಹಿತ್ತಲಲ್ಲಿ ಕೊಕ್ಕೆ ಮಾಡಲು ಕೂತೆ.

ಊರಿನ ಅತ್ತೆಯರು ಮಾಡುವ ಕೊಕ್ಕೆಗಳು ಆನೆಯ ಸೊಂಡಿಲಿನಂತಿರುತ್ತವೆ; ದಪ್ಪಗಿದ್ದಷ್ಟೂ ಗಟ್ಟಿಯೆಂಬ ನಂಬಿಕೆ. ಕೆಲವು ನಿಲ್ಲುತ್ತವೆ, ಕೆಲವು ನಿಲ್ಲುವುದಿಲ್ಲ, ಯಾಕೆಂದು ಯಾರೂ ಕೇಳುವುದಿಲ್ಲ. ನಾನು ಓದಿದವಳಲ್ಲವೇ? ಸುಟ್ಟ ಮಣ್ಣಿಗೆ ಒಳಗಿನ ಒತ್ತಡವೇ ಶತ್ರು, ಅದನ್ನು ಉಳಿಯಗೊಡಬಾರದು, ನಿಧಾನವಾಗಿ ತಣಿಸಿ ಮಣ್ಣನ್ನು ಸಮಾಧಾನ ಮಾಡಬೇಕು ಎಂದು ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಹೇಳಿದ್ದರು. ನಾನು ಹಾಗೇ ಮಾಡಿದೆ. ಆವಿಗೆಯ ಬಾಯನ್ನು ಮೆತ್ತಿ ಮುಚ್ಚಿ, ಅದು ತಾನಾಗಿ ಆರುವ ತನಕ ಕೈ ಹಾಕಲಿಲ್ಲ. ಅಣ್ಣನ ತಿರುಗಣೆಗಳ ಕೆಲಸ ನಿಂತುಹೋಗಿ ಅವನು ಆವಿಗೆಯ ಸುತ್ತ ಸುಳಿದಾಡುತ್ತಿದ್ದ. ಕೊಕ್ಕೆ ಹೊರಗೆ ಬಂದಾಗ ನೋಡಲು ಎಷ್ಟು ಚೆಂದವಿತ್ತೆಂದರೆ ಅತ್ತಿಗೆ ಅದಕ್ಕೂ ದೃಷ್ಟಿ ತೆಗೆದಳು.

ಚಾವಡಿ ತುಂಬಿತ್ತು. "ಡಿಗ್ರಿ ಅತ್ತೆ ಬಂದ್ಲು, ದಾರಿ ಬಿಡ್ರೋ" ಎಂದು ಯಾರೋ ಕೂಗಿದರು. ಕೂಸಣ್ಣ ಹಾಸಿಗೆಯನ್ನು ಆಚೀಚೆ ಸರಿಸಿ, ಅಂಗೈಯಿಂದ ತಟ್ಟಿ, "ಬಿದ್ರೆ ನಾನಿದೀನಿ ತಾಯಿ" ಎಂದ. ನಾನು ಒನಕೆ ಹಿಡಿದು ಕಾಲೆತ್ತಿದೆ. ಹೆಸರಿಗಾಗಿ ಬಾಯಿ ತೆರೆದೆ. ಟಣ್ ಎಂದಿತು. ಮರುಕ್ಷಣ ನಾನು ಹಾಸಿಗೆಯ ಮೇಲೆ, ಒನಕೆ ನನ್ನ ಸಿಂಬಿಯ ಮೇಲೆ.

ನಮ್ಮೂರಿನವರು ಒಳ್ಳೆಯವರು. ಅತ್ತೆ ಬಿದ್ದರೆ ಅಯ್ಯೋ ಅನ್ನುತ್ತಾರೆ, ಆಮೇಲೆ ಪಾಯಸ ಮಾತ್ರ ಬಿಡುವುದಿಲ್ಲ. "ಹೆಸರಿಲ್ಲದ ಪಾಯಸಕ್ಕೆ ದ್ರಾಕ್ಷಿ ಜಾಸ್ತಿ ಹಾಕಿದೀರಿ ಬಿಡಿ" ಎಂದು ಹೊಗಳಿ ಲೋಟ ಇಟ್ಟು ಹೋದರು.

ಎರಡನೆಯ ಬಾರಿ ನನ್ನ ಓದನ್ನು ಸ್ವಲ್ಪ ಪಕ್ಕಕ್ಕಿಟ್ಟು, ಊರಿನವರ ಹಾಗೆ ಸೊಂಡಿಲಿನಷ್ಟು ದಪ್ಪ ಮಾಡಿದೆ. ಅದು ಇನ್ನೂ ಬೇಗ ಮುರಿಯಿತು. ಆವತ್ತು ಪಾಯಸವಾದ ಮೇಲೆ ಚಾವಡಿಯಲ್ಲಿ ಉಳಿದದ್ದು ನಾವಿಬ್ಬರೇ, ನಾನು ಮತ್ತು ಹಾಸಿಗೆ ಸುತ್ತುತ್ತಿದ್ದ ಕೂಸಣ್ಣ.

"ಬೇಜಾರು ಮಾಡ್ಕೋಬೇಡಿ ತಾಯಿ" ಎಂದ. "ಕೂಸು ಅಂತ ಇರೋದೇನು ಕೆಟ್ಟದ್ದಲ್ಲ. ಎಲ್ಲರೂ ಸಲಿಗೆಯಿಂದ ಮಾತಾಡಿಸ್ತಾರೆ." ಹಾಸಿಗೆಗೆ ಹಗ್ಗ ಬಿಗಿದ. "ಒಂದ್ ಸಲ ಹೆಣ್ಣು ನೋಡೋಕೆ ಹೋಗಿದ್ವಿ. ಹುಡುಗನ ಹೆಸರೇನು ಅಂದ್ರು. ಕೂಸು ಅಂದೆ. ಆ ಹುಡುಗಿ ನಕ್ಕುಬಿಟ್ಲು. ನಂಗೂ ನಗು ಬಂತು. ಇಬ್ರೂ ಚೆನ್ನಾಗಿ ನಕ್ವಿ. ಅಷ್ಟೇ ಆಯ್ತು." ಆಮೇಲೆ ನನ್ನ ಕಡೆ ತಿರುಗಿ, "ಆದ್ರೂ ನಮ್ಮ ಪಾಪುಗೆ ಹೆಸರು ಬೇಕು ತಾಯಿ. ಹೆಣ್ಣು ಹುಡುಗಿ, ನಾಳೆ ಇಸ್ಕೂಲಲ್ಲಿ ಹಾಜರಿ ಕರೀಬೇಕಲ್ಲ" ಎಂದ.

ಏನಾದರೂ ಹೇಳಬೇಕೆನಿಸಿತು. ಅದು ಬರುವಷ್ಟರಲ್ಲಿ ಅವನು ಹಾಸಿಗೆ ಹೊತ್ತು ಬೀದಿಯ ತಿರುವು ದಾಟಿದ್ದ.

ನಾನು ಎರಡೂ ಕೊಕ್ಕೆಗಳ ಚೂರುಗಳನ್ನು ಮನೆಗೆ ತಂದು ಜೋಡಿಸಿ ನೋಡಿದೆ. ಎರಡೂ ಮುರಿದದ್ದು ಕೊಕ್ಕೆಯ ಒಳಬಾಗಿನಲ್ಲಿ, ಹಗ್ಗ ಕೂರುವ ಜಾಗದಲ್ಲಿ. ಅಲ್ಲಿ ಕೂದಲೆಳೆಯಂಥ ಒಂದು ಗೀರಿತ್ತು. ಒಂದರಲ್ಲಿ ನನ್ನ ಉಗುರಿನದ್ದೇ ಗುರುತು ಇರಬೇಕು. ಭಾರ ಬಿದ್ದಾಗ ಆ ಗೀರು ಬಾಯಿ ತೆರೆದಿದೆ, ತೆರೆದ ಬಾಯಿ ಆಮೇಲೆ ಮುಚ್ಚಲೇ ಇಲ್ಲ. ದಪ್ಪ ಮಾಡಿದರೆ ಗೀರು ಹೋಗುವುದಿಲ್ಲ, ಅಷ್ಟೇ. ಗೀರೇ ಇಲ್ಲದ ಕೊಕ್ಕೆ ಮಾಡಲು ದೇವರಿಗೂ ಆಗಲಾರದು. ಆವತ್ತಿನ ಡೈರಿಯಲ್ಲಿ "ಗೀರು ಇರಲಿ, ಬಾಯಿ ತೆರೆಯದಿದ್ದರೆ ಸಾಕು" ಎಂದು ಬರೆದು, ಅದು ನನ್ನ ಬಗ್ಗೆಯೇ ಬರೆದಂತೆ ಕಂಡು ನಗು ಬಂದು ಪುಸ್ತಕ ಮುಚ್ಚಿದೆ.

ಮರುದಿನ ಬೆಳಿಗ್ಗೆ ಅಜ್ಜಿ ಅತ್ತಿಗೆಗೆ ನೀರೆರೆದು, ಧೂಪ ಹಾಕಿ, ಹೊಟ್ಟೆಗೆ ಬಟ್ಟೆ ಕಟ್ಟಲು ನನ್ನನ್ನು ಕರೆದಳು. ಹಳೆಯ ಹತ್ತಿ ಸೀರೆಯ ಒಂದು ತುದಿ ನಾನು ಹಿಡಿದು ನಿಲ್ಲಬೇಕು. ಅತ್ತಿಗೆ ಬುಗುರಿಯ ಹಾಗೆ ನಿಧಾನವಾಗಿ ತಿರುಗುತ್ತ ನನ್ನ ಕಡೆಗೆ ಬರಬೇಕು. ಅಜ್ಜಿ ಪ್ರತಿ ಸುತ್ತಿಗೂ ಎಳೆದು ಬಿಗಿ ಮಾಡುತ್ತಾಳೆ.

"ಸಾಕು ಅಜ್ಜೀ, ಉಸಿರು ಕಟ್ತಿದೆ."

"ಕಟ್ಟಲ್ಲ ಸುಮ್ನಿರು. ಒಂದು ಬೆರಳು ಹೋಗೋಷ್ಟು ಸಡಿಲ ಬಿಟ್ಟಿದೀನಿ, ನೋಡು ಬೇಕಾದ್ರೆ" ಎಂದು ಅಜ್ಜಿ ಬಟ್ಟೆಯೊಳಗೆ ಬೆರಳು ತೂರಿಸಿ ತೋರಿಸಿದಳು.

ಅಷ್ಟರಲ್ಲಿ ಅಣ್ಣ ಬಾಗಿಲ ಹೊರಗಿನಿಂದ, "ಕುಮುದಾ, ಮೂರನೇ ಕೊಕ್ಕೆಗೆ ನಿನ್ನ ಬದಲು ಬೆಕ್ಕನ್ನ ನೇತು ಹಾಕೋಣ್ವಾ?" ಎಂದ. ಅತ್ತಿಗೆ ಪಕಪಕ ನಕ್ಕುಬಿಟ್ಟಳು. ನಕ್ಕು, ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡಳು. "ಅರೆ! ನಿನ್ನೆ ನೀರೆರೆಯೋಕೆ ಮುಂಚೆ ಇಷ್ಟೇ ನಕ್ಕಿದ್ದಕ್ಕೆ ಹೊಟ್ಟೆ ಬಿಚ್ಕೊಂಡು ಹೋದಂಗಾಗಿತ್ತು. ಈಗ ಏನೂ ಆಗ್ಲಿಲ್ಲ!"

"ಹೊರಗಿಂದ ಒತ್ತಿ ಹಿಡ್ದಿದ್ರೆ ಒಳಗಿಂದು ಹೆಂಗೆ ಬಿಚ್ಕೊಳ್ಳುತ್ತೆ?" ಎಂದು ಅಜ್ಜಿ ಸೀರೆಯ ತುದಿ ಸಿಕ್ಕಿಸಿದಳು.

ನನ್ನ ಕೈಯಲ್ಲಿದ್ದ ತುದಿ ಯಾವಾಗಲೋ ಜಾರಿಹೋಗಿತ್ತು. ನಾನು ಗೂಡಿನಲ್ಲಿದ್ದ ಹಳೆಯ ಪಿಂಗಾಣಿ ಬಟ್ಟಲನ್ನು ನೋಡುತ್ತಿದ್ದೆ. ಅದರ ಮೇಲೆ ಬಳಿದ ಗಾಜಿನಂಥ ಮೆರುಗಿನ ತುಂಬ ಜೇಡರ ಬಲೆಯಂಥ ಬಿರುಕು. ಮೆರುಗು ಒಳಗಿನ ಮಣ್ಣಿಗಿಂತ ಹೆಚ್ಚು ಕುಗ್ಗಿಬಿಟ್ಟರೆ ಹಾಗಾಗುತ್ತದೆ, ಚಿಕ್ಕದಾದ ರವಿಕೆಯ ಹೊಲಿಗೆ ಬಿಟ್ಟ ಹಾಗೆ. ಹಾಗಾದರೆ ತಿರುಗಾಮುರುಗಾ ಮಾಡಿದರೆ? ತಣಿಯುವಾಗ ಒಳಗಿನ ಮಣ್ಣು ಹೆಚ್ಚು ಕುಗ್ಗಬೇಕು, ಮೇಲಿನ ಮೆರುಗು ಕಡಿಮೆ ಕುಗ್ಗಬೇಕು. ಬೆಂಕಿಯಲ್ಲಿ ಎರಡೂ ಅಂಟಿಕೊಂಡುಬಿಟ್ಟಿರುವುದರಿಂದ, ಒಳಗಿನದು ಕುಗ್ಗುತ್ತ ಹೋದಂತೆ ಮೇಲಿನದನ್ನೂ ತನ್ನ ಜೊತೆ ಎಳೆದುಕೊಳ್ಳುತ್ತದೆ; ಮೇಲಿನದು ಜಾಗವಿಲ್ಲದೆ ಹಿಂಡಿಕೊಂಡು ಕೂರುತ್ತದೆ. ಆಗ ಅದರ ಮೇಲೆ ಗೀರು ಬಿದ್ದರೂ ಅಕ್ಕಪಕ್ಕದ ಒತ್ತಡ ಆ ಬಾಯನ್ನು ಮುಚ್ಚಿಯೇ ಹಿಡಿದಿರುತ್ತದೆ. ಭಾರ ಹಾಕಿದರೆ ಮೊದಲು ಆ ಒತ್ತಡವನ್ನು ಗೆಲ್ಲಬೇಕು, ಆಮೇಲೆ ತಾನೇ ಗೀರು ತೆರೆಯುವುದು? ಒಳಗಿನ ಒತ್ತಡವನ್ನೆಲ್ಲ ನಾನು ಜೋಪಾನವಾಗಿ ತೆಗೆದುಹಾಕುತ್ತಿದ್ದೆ. ಅದನ್ನು ಸರಿಯಾದ ಕಡೆ ಕೂರಿಸಬೇಕಿತ್ತು. ಈ ಮಾತು ನಮ್ಮ ಪುಸ್ತಕದ ಯಾವುದೋ ಮೂಲೆಯಲ್ಲಿ ಇದ್ದಿರಲೇಬೇಕು. ಪರೀಕ್ಷೆಗೆ ಬರಲಿಲ್ಲ, ನಾನು ಓದಲಿಲ್ಲ.

"ಏನಾಯ್ತೇ ಇವಳಿಗೆ?" ಎಂದಳು ಅಜ್ಜಿ. ನಾನು ಆಗಲೇ ಹಿತ್ತಲಿಗೆ ಓಡಿದ್ದೆ.

ಬೆಣಚುಕಲ್ಲಿನ ಪುಡಿ ಬೆರೆಸಿದರೆ ಮೆರುಗು ಕಡಿಮೆ ಕುಗ್ಗುತ್ತದೆ. ಪರೀಕ್ಷಿಸಿ ನೋಡಲು ಕೈಬೆರಳಿನಷ್ಟು ದಪ್ಪದ ಮಣ್ಣಿನ ಕೋಲುಗಳನ್ನು ಹೊಸೆದು, ಅವಕ್ಕೆ ಬೆಣಚು ಹೆಚ್ಚಿಗೆ ಹಾಕಿದ ಮೆರುಗು ಬಳಿದು ಸುಟ್ಟೆ. ಅವು ಆವಿಗೆಯಿಂದ ಹೊರಬಂದು, ನಾನು ನೋಡುತ್ತಿದ್ದಂತೆಯೇ ಟಿಕ್ ಟಿಕ್ ಎನ್ನುತ್ತ ಅಂಚಿನಲ್ಲೆಲ್ಲ ಸಿಪ್ಪೆ ಸಿಡಿಸಿದವು. ಮೆರುಗು ಬಿಗಿ ತಾಳದೆ ಮಣ್ಣನ್ನೇ ಬಿಟ್ಟು ಎದ್ದಿತ್ತು. ಒಂದು ಬೆರಳು ಹೋಗುವಷ್ಟು ಸಡಿಲ ಬಿಡಬೇಕಿತ್ತು. ಪುಡಿಯನ್ನು ಕಡಿಮೆ ಮಾಡಿದೆ, ಮತ್ತೆ ಸುಟ್ಟೆ, ಇನ್ನಷ್ಟು ಕಡಿಮೆ ಮಾಡಿದೆ. ಕಡೆಗೊಂದು ಸಲ ಕೋಲುಗಳು ಸದ್ದಿಲ್ಲದೆ, ನುಣ್ಣಗೆ, ಒಂದು ಸಿಪ್ಪೆಯೂ ಏಳದೆ ಹೊರಬಂದವು. ಒಂದನ್ನು ಎರಡು ಇಟ್ಟಿಗೆಗಳ ನಡುವೆ ಅಡ್ಡಲಾಗಿಟ್ಟು, ಅದರ ಹೊಟ್ಟೆಯ ಮೇಲೆ ಬೇಕೆಂದೇ ಗೀರು ಎಳೆದು, ಅಣ್ಣನ ಕೈಯಲ್ಲಿ ಒರಳುಗುಂಡು ತೂಗುಹಾಕಿಸಿದೆ. ಮೆರುಗಿಲ್ಲದ ಕೋಲು ಗುಂಡನ್ನು ಕಂಡೊಡನೆ ಮುರಿದಿತ್ತು. ಇದು ತಾಳಿತು. ಅಣ್ಣ ಎರಡನೆಯ ಗುಂಡನ್ನೂ ತೂಗುಹಾಕಿದ. ತಾಳಿತು. "ಬೆಕ್ಕು ಬೇಡ ಬಿಡು, ನೀನೇ ಸಾಕು" ಎಂದ ಅಣ್ಣ. ಆವತ್ತು ಅಟ್ಟದಿಂದ ಹಲಸಿನ ಹಣ್ಣು ಕೆಳಗಿಳಿಯಿತು.

ಕೊಕ್ಕೆಯನ್ನು ಮಾತ್ರ ಮೊದಲೇ ತೂಗಿ ನೋಡುವಂತಿಲ್ಲ. ಚಾವಡಿಗೆ ಹೋಗುವ ತನಕ ಅದು ಬಟ್ಟೆಯೊಳಗೇ ಇರಬೇಕು. ಮೂರನೆಯ ಕೊಕ್ಕೆಯನ್ನು ನಾನು ಮೊದಲೆರಡಕ್ಕಿಂತ ಸಣ್ಣದಾಗಿಯೇ ಮಾಡಿ, ಅದಕ್ಕೂ ಅದೇ ಮೆರುಗು ಬಳಿದು ಸುಟ್ಟಿದ್ದೆ. ಚಾವಡಿಯಲ್ಲಿ ಬಟ್ಟೆ ಬಿಚ್ಚಿದಾಗ ಗುಸುಗುಸು ಎದ್ದಿತು. "ಇದೇನು, ಕಿವಿಯೋಲೆ ಮಾಡಿದಾಳೆ?" ಎಂದರು ಒಬ್ಬರು. "ಓದಿ ಓದಿ ಮಣ್ಣು ಉಳಿಸೋದು ಕಲ್ತಿದಾಳೆ" ಎಂದರು ಇನ್ನೊಬ್ಬರು. ಅತ್ತಿಗೆ ಕೂಸನ್ನು ಎದೆಗವಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಗುತ್ತಲೇ ಇದ್ದಳು, ಆದರೆ ಕೂಸಿನ ಬಟ್ಟೆಯ ಅಂಚನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. ಕೂಸಣ್ಣ ಹಾಸಿಗೆಗೆ ಹೊಸ ಹತ್ತಿ ತುಂಬಿಸಿ ತಂದಿದ್ದ. ತಟ್ಟಿದ್ದನ್ನೇ ತಟ್ಟುತ್ತಿದ್ದ. "ಬಿದ್ರೆ ನಾನಿದೀನಿ ತಾಯಿ" ಎಂದು, ಮತ್ತೆ ಕೆಳದನಿಯಲ್ಲಿ, "ಬೀಳಬೇಡಿ" ಎಂದ.

ನಾನು ಒನಕೆ ಹಿಡಿದೆ. ಕಾಲೆತ್ತಿದೆ. ಕಣ್ಣು ಮುಚ್ಚಿದೆ.

ಟಣ್ ಎನ್ನಲಿಲ್ಲ. ಹಗ್ಗ ಮಾತ್ರ ಕಿರ್ ಎಂದು ನಾನು ಮೆಲ್ಲಗೆ ಒಂದು ಸುತ್ತು ತಿರುಗಿದೆ. ಕೊಕ್ಕೆಯ ಬಗ್ಗೆ ನಾನು ಎಷ್ಟು ಯೋಚಿಸಿದ್ದೆನೆಂದರೆ, ಅದು ನಿಂತಮೇಲೆ ಕೂಗುವುದೊಂದಿದೆ ಎನ್ನುವುದು ಮರೆತೇಹೋಗಿತ್ತು. ಹೆಸರು ಗಂಟಲಲ್ಲಿತ್ತು. ಅಲ್ಲೇ ಕೂತಿತ್ತು. ಇಷ್ಟು ಜನರ ಎದುರು ನಾನು ಇದುವರೆಗೆ ಕೆಮ್ಮಿಯೂ ಇರಲಿಲ್ಲ.

"ಕೂಗೇ!" ಎಂದ ಅಣ್ಣ.

ನಾನು ಇನ್ನೊಂದು ಸುತ್ತು ತಿರುಗಿದೆ.

"ಅತ್ತೆ ಬಾವಲಿ ಆದ್ಲಲ್ರಪ್ಪೋ" ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಕೈ ಬೆವರತೊಡಗಿತು. ಕೊಕ್ಕೆ ನಿಂತರೂ ಕೈಜಾರಿ ನಾನು ಬಿದ್ದರೆ ಏನು ನಿಯಮವೋ ಯಾರಿಗೂ ಗೊತ್ತಿಲ್ಲ, ಅಂಥದ್ದು ಎಂದೂ ಆಗಿರಲಿಲ್ಲ.

"ಕುಮುದಾ, ಪಾಯಸ ಆರ್ತಾ ಇದೆ ಕಣೇ!" ಎಂದಳು ಅತ್ತಿಗೆ.

ಆಗ ಅಣ್ಣ ಎದ್ದು ಬಂದ. ಬಂದವನೇ ನನ್ನ ಮೊಣಕಾಲುಗಳನ್ನು ತಬ್ಬಿಕೊಂಡು ತನ್ನ ಎರಡೂ ಕಾಲನ್ನು ಮೇಲೆತ್ತಿಬಿಟ್ಟ. ಅವನ ಭಾರವೆಲ್ಲ ನನ್ನ ಭುಜಕ್ಕೆ ಬಂದಿತು, ಭುಜದಿಂದ ಒನಕೆಗೆ, ಒನಕೆಯಿಂದ ಆ ಕಿವಿಯೋಲೆಯಂಥ ಕೊಕ್ಕೆಗೆ. ಕಿರುಚಿದೆ. ಕಿರುಚಲು ಬಾಯಿ ತೆರೆದಾಗ ಗಂಟಲ ಬಾಗಿಲಲ್ಲೇ ಕಾದಿದ್ದ ಹೆಸರು ಮೊದಲು ನುಗ್ಗಿತು.

"ಮೇದಿನೀ!"

ಚಾವಡಿಯ ಹೆಂಚಿನ ಮೇಲಿದ್ದ ಪಾರಿವಾಳಗಳು ಎದ್ದು ಹಾರಿದವು. ಊರಾಚೆಯ ಕಟ್ಟೆಯ ಹತ್ತಿರ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿತೆಂದು ಆಮೇಲೆ ಹೇಳಿದರು. ಜನ ಎದ್ದು ನಿಂತು "ಮೇದಿನಿ, ಮೇದಿನಿ" ಎಂದು ಬಾಯಿಂದ ಬಾಯಿಗೆ ದಾಟಿಸಿದರು. ಅತ್ತಿಗೆ ಅಳುತ್ತ ನಗುತ್ತ ಕೂಸಿನ ಕಿವಿಯಲ್ಲಿ ಅದನ್ನೇ ಹೇಳುತ್ತಿದ್ದಳು. ಅಣ್ಣ ಇಳಿದ, ನನ್ನನ್ನೂ ಇಳಿಸಿದ. ಕೊಕ್ಕೆ ಏನೂ ಆಗದ ಹಾಗೆ ತೊಲೆಯ ಕೆಳಗೆ ಮೆಲ್ಲಗೆ ತೂಗುತ್ತಿತ್ತು.

ಪಾಯಸದ ಕಡೆಗೆ ಎಲ್ಲರೂ ಹೊರಟರು. ಕೂಸಣ್ಣ ಹೋಗಲಿಲ್ಲ. ಹಾಸಿಗೆ ಸುತ್ತಲು ಬಗ್ಗಿದವನು ಬಗ್ಗಿದಲ್ಲೇ ಕತ್ತೆತ್ತಿ ಕೊಕ್ಕೆ ನೋಡುತ್ತಿದ್ದ. ಕಂಬದ ಪಕ್ಕ ಕೂತಿದ್ದ ಅಕ್ಕಯ್ಯಮ್ಮಜ್ಜಿಯೂ ಅದನ್ನೇ ನೋಡುತ್ತಿದ್ದಳು. ಎಲೆ ಅಡಿಕೆ ಅಗಿಯುತ್ತಿದ್ದ ಅವಳ ದವಡೆ ನಿಂತಿತ್ತು.

ನನಗೆ ಹೇಳಬೇಕೆನಿಸಿತು. ಈ ಸಲ ಅದು ಬರುವ ತನಕ ನಾನು ಕಾಯಲಿಲ್ಲ.

"ಅಜ್ಜೀ, ಕೊಕ್ಕೆ ಇನ್ನೂ ಗಟ್ಟಿಯಾಗಿದೆ. ಬನ್ನಿ" ಎಂದೆ. ಗಂಟಲು ಆಗಲೇ ತೆರೆದಿದ್ದರಿಂದಲೋ ಏನೋ, ದೊಡ್ಡದಾಗಿಯೇ ಕೇಳಿಸಿತು. ಲೋಟ ಹಿಡಿದವರೆಲ್ಲ ತಿರುಗಿದರು.

"ಅವಳ ಮೂರೂ ಆಗಿಹೋಗಿದೆಯಲ್ಲಮ್ಮ" ಎಂದರು ಹಿರಿಯರೊಬ್ಬರು.

"ಅವರು ಮಾಡಿದ್ದು ಮೂರು ಆಗಿದೆ. ಇದು ನಾನು ಮಾಡಿದ್ದು."

"ನನ್ನ ಮಗಳ ಕೊಕ್ಕೆ" ಎಂದಳು ಅತ್ತಿಗೆ ಎದ್ದು ನಿಂತು. "ನಾನು ಕೊಡ್ತೀನಿ. ಬೇಡ ಅನ್ನೋರು ಪಾಯಸದ ಲೋಟ ಕೆಳಗಿಡಿ ನೋಡೋಣ."

ಯಾರೂ ಲೋಟ ಕೆಳಗಿಡಲಿಲ್ಲ.

"ಒನಕೆ ಹಿಡಿಯೋ ಶಕ್ತಿ ನನ್ನ ಕೈಲೆಲ್ಲಿದೆ ಮಗಾ" ಎಂದಳು ಅಜ್ಜಿ. ಆದರೆ ಬಾಯಲ್ಲಿದ್ದ ಎಲೆಯನ್ನು ಉಗಿದು, ಬಾಯಿ ಮುಕ್ಕಳಿಸಲು ನೀರು ಕೇಳಿದಳು. ಅತ್ತಿಗೆ ಕೂಸನ್ನು ಅಣ್ಣನಿಗೆ ಕೊಟ್ಟು, ಕಂಬದ ಮರೆಗೆ ಹೋಗಿ ತನ್ನ ಹೊಟ್ಟೆಗೆ ಕಟ್ಟಿದ್ದ ಸೀರೆ ಬಿಚ್ಚಿ ತಂದಳು. "ನನಗೆ ನಾಳೆ ಕಟ್ಟಿದ್ರಾಯ್ತು" ಎಂದಳು. ನಾನು ಒನಕೆ ತೆಗೆದು, ಆ ಸೀರೆಯನ್ನು ಜೋಲಿಯಾಗಿ ಕೊಕ್ಕೆಗೆ ಕಟ್ಟಿದೆ. ಎತ್ತಿ ಕೂರಿಸುವವರು ಯಾರು ಎನ್ನುವಷ್ಟರಲ್ಲಿ ಕೂಸಣ್ಣ ಬಂದು ತನ್ನ ಸೋದರತ್ತೆಯನ್ನು ಎರಡೂ ಕೈಯಿಂದ ಎತ್ತಿದ. ಅವಳು ಅಷ್ಟು ಹಗುರವಾಗಿದ್ದಳು, ಅವನ ಬಡಕಲು ತೋಳಿಗೂ ಭಾರವೆನಿಸಲಿಲ್ಲ. ಜೋಲಿಯಲ್ಲಿ ಕೂರಿಸಿ, ಸೀರೆಯ ಅಂಚು ಸರಿಮಾಡಿ, "ಬಿದ್ರೆ ನಾನಿದೀನಿ ಅತ್ತೆ" ಎಂದ.

ಅಜ್ಜಿ ಕಾಲು ಇಳಿಬಿಟ್ಟು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತೂಗಿದಳು. ತಲೆಯೆತ್ತಿ ಕೊಕ್ಕೆಯನ್ನು ನೋಡಿ, ಮುರಿಯುತ್ತೀಯೇನು ಎನ್ನುವಂತೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಹಲ್ಲಿಲ್ಲದ ಬಾಯಿ ಅಗಲಿಸಿ ಕೂಗಿದಳು.

"ಗಜೇಂದ್ರಾ!"

ಕೂಸಣ್ಣ ತಿರುಗಿ ಹಿಂದೆ ನೋಡಿದ, ಯಾರು ಬಂದರೋ ಎಂದು.

ಜನ ಗೊಳ್ಳೆಂದು ನಕ್ಕರು. ಜೋಳದ ದಂಟಿನಂಥ ಆ ಮನುಷ್ಯನಿಗೆ ಆನೆಗಳ ರಾಜನ ಹೆಸರು! "ಹುಟ್ಟಿದಾಗ ಗುಂಡುಗುಂಡಗಿದ್ದ ಕಣ್ರೋ, ನಗಬೇಡಿ" ಎಂದು ಅಜ್ಜಿ ಜೋಲಿಯಿಂದಲೇ ಜಗಳಕ್ಕೆ ಬಂದಳು. "ಇನ್ನೂ ಒಂದ್ ಸಲ ಕೂಗಲಾ?" ಎಂದು ಯಾರನ್ನೂ ಕಾಯದೆ ಮತ್ತೆ ಕೂಗಿದಳು, ಮತ್ತೂ ಕೂಗಿದಳು. ಪ್ರತಿ ಸಲವೂ ಅವನು ಸಣ್ಣಗೆ ಬೆಚ್ಚಿದ. ಕೊನೆಗೆ ಹಾಸಿಗೆಯ ಮೇಲೆ ಕೂತುಬಿಟ್ಟ, ಮೊದಲ ಸಲ. ಯಾರೋ ಅವನ ಕೈಗೆ ಪಾಯಸದ ಲೋಟ ಕೊಟ್ಟರು.

ಮರುದಿನ ಬೆಳಿಗ್ಗೆ ಕೊಕ್ಕೆಯನ್ನು ನಮ್ಮ ಮನೆಯ ತೊಲೆಗೆ ಕಟ್ಟಿ ತೊಟ್ಟಿಲು ಹಾಕಿದೆವು. ಅತ್ತಿಗೆ ಹೊಟ್ಟೆಗೆ ಸೀರೆ ಬಿಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೀದಿಯಲ್ಲಿ ಅವನು ಹಾಸಿಗೆ ಬಿಸಿಲಿಗೆ ಹಾಕಲು ಹೊತ್ತುಕೊಂಡು ಹೋಗುತ್ತಿದ್ದ. "ಕರಿಯೇ, ತಿಂಡಿಗೆ ಬರಲಿ" ಎಂದು ಅತ್ತಿಗೆ ನನ್ನನ್ನು ಮುಂದಕ್ಕೆ ತಳ್ಳಿದಳು.

"ಗಜೇಂದ್ರಣ್ಣಾ" ಎಂದೆ. ಅವನು ನಡೆಯುತ್ತಲೇ ಇದ್ದ.

"ಗಜೇಂದ್ರಣ್ಣಾ!" ನಡಿಗೆ ಸ್ವಲ್ಪ ನಿಧಾನವಾಯಿತು.

ಮೂರನೆಯ ಸಲ ಗಂಟಲು ಬಿಚ್ಚಿ ಕೂಗಿದೆ. ಅವನು ಹಾಸಿಗೆಯನ್ನು ಬೀದಿಯ ಮಧ್ಯದಲ್ಲೇ ಕೆಳಗೆ ಹಾಕಿ, ನಮ್ಮ ಕಡೆ ತಿರುಗಿ, ಇಷ್ಟು ವರ್ಷದ್ದೆಲ್ಲ ಸೇರಿಸಿ "ಓ!" ಎಂದು ಓಗೊಟ್ಟ. ಮೇದಿನಿ ತೊಟ್ಟಿಲಲ್ಲಿ ಬೆಚ್ಚಿ ಎದ್ದು, ಕೈಕಾಲು ಬಡಿಯುತ್ತ, ತೊಟ್ಟಿಲನ್ನು ಗಡಗಡ ಅಲ್ಲಾಡಿಸಿ ಅಳತೊಡಗಿದಳು. ಕೊಕ್ಕೆ ಜಗ್ಗಲಿಲ್ಲ.